ಗೋಡೆಯಿಂದ ಕಾಗದಕ್ಕೆ, ಕಾಗದದಿಂದ ಊರಿಗೆ

 

ಇವತ್ತು ಗೋಡೆಯ ಮೇಲಿನ ದೇವರ ಚಿತ್ರಗಳ ಬಗ್ಗೆ ಮಾತನಾಡೋಣ. ಅದರಲ್ಲೂ ಮುಖ್ಯವಾಗಿ, ಆ ಚಿತ್ರಗಳ ಮುಂದೆ ಕುಳಿತು, ನೋಡಿ ನೋಡಿ, ನೀರುಬಣ್ಣದಲ್ಲಿ ಕಾಗದದ ಮೇಲೆ ಮತ್ತೆ ಬರೆದವರ ಬಗ್ಗೆ.

ಬಟ್ಟೆಯ ಮೇಲೆ ಬರೆದ ಚಿತ್ರವನ್ನು ಸುತ್ತಿಟ್ಟು ಊರೂರಿಗೆ ಒಯ್ಯಬಹುದು. ಹಲಗೆಯ ಚಿತ್ರವನ್ನು ಗಾಡಿಗೆ ಹಾಕಿಕೊಂಡು ಹೋಗಬಹುದು. ಗೋಡೆಯ ಚಿತ್ರಕ್ಕೆ ಆ ಭಾಗ್ಯವಿಲ್ಲ. ಹುಟ್ಟಿದ ಊರಲ್ಲೇ, ಹುಟ್ಟಿದ ಗೋಡೆಯಲ್ಲೇ ಅದು ಇರಬೇಕು. ಮಾಡು ಸೋರಿದರೆ ಅದೂ ನೆನೆಯುತ್ತದೆ. ಗೋಡೆ ಬಿದ್ದರೆ ಅದೂ ಮಣ್ಣಾಗುತ್ತದೆ.

ನಾನು ಹೇಳಬೇಕೆಂದಿರುವುದು ಒಂದೇ ಮಾತು. ಗೋಡೆಯ ಚಿತ್ರವನ್ನು ಶ್ರದ್ಧೆಯಿಂದ ನಕಲು ಮಾಡುವುದು ಕೀಳು ಕೆಲಸವಲ್ಲ. ಆ ನಕಲು ದೂರದವರಿಗೆ ಚಿತ್ರವನ್ನು ತೋರಿಸುತ್ತದೆ. ಮೂಲಕ್ಕೆ ಕೇಡು ಬಂದಾಗ ಅದರ ಪರವಾಗಿ ಸಾಕ್ಷಿ ಹೇಳುತ್ತದೆ. ಅಂಥ ಕೆಲಸಕ್ಕೆ ಯೋಗ್ಯವಾದ ಗೋಡೆ ನಮ್ಮ ಹಾಸನ ಜಿಲ್ಲೆಯಲ್ಲೇ ಇದೆ. ಅಲ್ಲಿಗೆ ಬರುವ ಮೊದಲು ಸ್ವಲ್ಪ ದೂರ ಹೋಗಿ ಬರೋಣ. ಇಟಲಿಗೆ, ಲಂಡನ್ನಿಗೆ, ಅಜಂತಾಗೆ.

ಮೊದಲು ಇಟಲಿ. ಸುಮಾರು 500, 600 ವರ್ಷಗಳ ಹಿಂದೆ ಅಲ್ಲಿನ ಚರ್ಚುಗಳ ಗೋಡೆಗಳ ಮೇಲೆ ಏಸುವಿನ ಬಾಳು, ಮೇರಿಯ ಬಾಳು, ಸಂತರ ಕಥೆಗಳು ಮೂಡಿದವು. ಆ ಕಾಲವನ್ನು ನಾವು ಪುನರುಜ್ಜೀವನದ ಕಾಲ ಎನ್ನುತ್ತೇವೆ. ಚಿತ್ರ ಬರೆಯುವ ಆ ಕ್ರಮಕ್ಕೆ ಫ್ರೆಸ್ಕೋ ಎಂದು ಹೆಸರು.

ಕ್ರಮ ಹೀಗೆ. ಗೋಡೆಗೆ ಸುಣ್ಣದ ಗಾರೆ ಬಳಿಯುತ್ತಾರೆ. ಒಂದು ದಿನದಲ್ಲಿ ಎಷ್ಟು ಬರೆಯಬಹುದೋ ಅಷ್ಟಕ್ಕೆ ಮಾತ್ರ. ಗಾರೆ ಹಸಿಯಾಗಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣ ಹಚ್ಚುತ್ತಾರೆ. ಅಂಟು ಬೇಡ, ಎಣ್ಣೆ ಬೇಡ. ಸುಣ್ಣ ಗಾಳಿಯೊಡನೆ ಕೂಡಿ ಒಣಗುತ್ತಾ ಕಲ್ಲಾಗುತ್ತದೆ. ಬಣ್ಣದ ಕಣಗಳು ಆ ಕಲ್ಲಿನೊಳಗೇ ಸೇರಿಕೊಳ್ಳುತ್ತವೆ. ಮೈಗೆ ಬಳಿದ ಬಣ್ಣವಲ್ಲ ಅದು, ಹಚ್ಚೆ ಹಾಕಿಸಿಕೊಂಡಂತೆ. ತೊಳೆದರೆ ಹೋಗುವುದಿಲ್ಲ. ಹಾಗೆಯೇ, ಗೋಡೆಯಿಂದ ಬಿಡಿಸಿ ತರುವುದೂ ಸುಲಭವಲ್ಲ.

ಹೀಗಾಗಿ ಆ ಚಿತ್ರಗಳನ್ನು ನೋಡಬೇಕಾದವರು ಆ ಊರಿಗೇ ಹೋಗಬೇಕಿತ್ತು. ಹಣವಿದ್ದವರು ಹೋಗಿ ನೋಡಿದರು. ಇಲ್ಲದವರು ಹೆಸರು ಕೇಳಿ ಸುಮ್ಮನಿದ್ದರು.

ಫ್ರೆಸ್ಕೋ ಗೋಡೆಗೆ ಅಂಟಿದ ಚಿತ್ರ, ಅದು ಜನರ ಬಳಿಗೆ ಬರಲಾರದು ಎಂದು ತಿಳಿದೆವು. ಜನರ ಬಳಿಗೆ ಅದನ್ನು ತಂದವರು ಯಾರು? ಈಗ ಆ ಕಥೆ.

1848ರಲ್ಲಿ ಲಂಡನ್ನಿನಲ್ಲಿ ಒಂದು ಸಂಘ ಹುಟ್ಟಿತು. ಹೆಸರು ಅರಂಡೆಲ್ ಸೊಸೈಟಿ. ಕಲಾವಿಮರ್ಶಕ ಜಾನ್ ರಸ್ಕಿನ್ ಅದರ ಮೊದಲಿಗರಲ್ಲಿ ಒಬ್ಬ. ನಿನೆವೆಯ ಹಾಳುಗಳನ್ನು ಅಗೆದು ಹೆಸರಾದ ಹೆನ್ರಿ ಲೇಯಾರ್ಡ್ ಮುಂದೆ ಅದರ ಬೆನ್ನೆಲುಬಾದ. ಸಂಘದ ಸದಸ್ಯರು ವರ್ಷಕ್ಕೆ ಒಂದು ಗಿನಿ ಚಂದಾ ಕೊಡುತ್ತಿದ್ದರು. ಆ ಹಣದಲ್ಲಿ ಸಂಘ ಇಟಲಿಗೆ ಚಿತ್ರಗಾರರನ್ನು ಕಳಿಸುತ್ತಿತ್ತು. ಅವರು ಚರ್ಚಿನ ಗೋಡೆಯ ಮುಂದೆ ಕುಳಿತು ನೀರುಬಣ್ಣದಲ್ಲಿ ನಕಲು ತೆಗೆಯುತ್ತಿದ್ದರು. ಆ ನಕಲನ್ನು ನೋಡಿಕೊಂಡು ಬಣ್ಣದ ಕಲ್ಲಚ್ಚಿನಲ್ಲಿ ಮುದ್ರಿಸುತ್ತಿದ್ದರು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ನಮ್ಮ ಅಜ್ಜಿ ತಾತಂದಿರ ಮನೆಯ ಗೋಡೆಯಲ್ಲಿದ್ದ ರವಿವರ್ಮನ ಲಕ್ಷ್ಮಿ, ಸರಸ್ವತಿ ಪಟಗಳು ಮೊದಲು ಅಚ್ಚಾದದ್ದೂ ಇದೇ ಜಾತಿಯ ಕಲ್ಲಚ್ಚಿನಲ್ಲಿ.

ಈ ಸಂಘ ಬಣ್ಣದಲ್ಲಿ ಮೊದಲಿಗೆ ಹೊರತಂದ ಚಿತ್ರ ಯಾವುದು ಗೊತ್ತೇ? ದೊಡ್ಡ ನಗರದ ದೊಡ್ಡ ಚರ್ಚಿನದಲ್ಲ. ಮಧ್ಯ ಇಟಲಿಯ ಪಾನಿಕಾಲೆ ಎಂಬ ಸಣ್ಣ ಊರಿನದು. ಅಲ್ಲಿ 1505ರಲ್ಲಿ ಪೆರುಜಿನೋ ಎಂಬ ಚಿತ್ರಗಾರ ಸಂತ ಸೆಬಾಸ್ಟಿಯನ್ನನ ಬಲಿದಾನವನ್ನು ಬರೆದಿದ್ದ. ನಡುವೆ ಕಂಬಕ್ಕೆ ಕಟ್ಟಿದ ತರುಣ. ಅವನ ಸುತ್ತ ಬಿಲ್ಲು ಹಿಡಿದವರು. ಒಬ್ಬೊಬ್ಬರ ನಿಲುವೂ ಕುಣಿತದ ಭಂಗಿಯಂತೆ ಹಗುರ. ಹಿಂದೆ ಕಮಾನುಗಳ ಸಾಲು. ಕಮಾನುಗಳ ಆಚೆ ದೂರದ ಗುಡ್ಡ, ತಿಳಿಯಾದ ಆಕಾಶ. ಬಾಣ ಬಿಡುವ ಕ್ರೂರ ಗಳಿಗೆ ಅದು, ಆದರೂ ಚಿತ್ರದ ತುಂಬ ಶಾಂತಿ. ಇದು ಅಲ್ಲಿಯವರೆಗೆ ಪಾನಿಕಾಲೆಯವರಿಗೂ ಅಲ್ಲಿಗೆ ಹೋದವರಿಗೂ ಮಾತ್ರ ಗೊತ್ತಿತ್ತು. 1850ರ ದಶಕದ ನಡುವೆ ಅಚ್ಚಾಗಿ ಬಂದ ಮೇಲೆ ಇಂಗ್ಲೆಂಡಿನ ಹಲವು ಮನೆಗಳಿಗೆ ತಲುಪಿತು.

ಸಂಘ 1897ರವರೆಗೆ ನಡೆಯಿತು. ಸುಮಾರು 50 ವರ್ಷ. ಸುಮಾರು 200 ಬಣ್ಣದ ಅಚ್ಚುಗಳು. ಅಷ್ಟರಲ್ಲಿ ಫೋಟೋ ಬಳಕೆ ಹೆಚ್ಚಿತು, ಸಂಘ ಬಾಗಿಲು ಹಾಕಿತು. ಆದರೆ ಆ ಚಿತ್ರಗಾರರು ಬರೆದ ಮೂಲ ನೀರುಬಣ್ಣದ ಹಾಳೆಗಳನ್ನು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಇಂದಿಗೂ ಜೋಪಾನ ಮಾಡಿದೆ.

ನಕಲಿಗೆ ನೀರುಬಣ್ಣವೇ ಏಕೆ? ನೀರುಬಣ್ಣ ತೆಳು. ಬಣ್ಣದ ಕೆಳಗಿನ ಬಿಳಿ ಕಾಗದ ಹೊಳೆಯುತ್ತದೆ. ಫ್ರೆಸ್ಕೋದಲ್ಲಿ ಬಣ್ಣದ ಕೆಳಗಿನ ಬಿಳಿ ಸುಣ್ಣ ಹೊಳೆಯುತ್ತದೆ. ಎಣ್ಣೆಬಣ್ಣದ ಮಿರುಗು ಗೋಡೆಗೆ ಇಲ್ಲ. ಆದ್ದರಿಂದ ಗೋಡೆಯ ಸ್ವಭಾವಕ್ಕೆ ನೀರುಬಣ್ಣವೇ ಹತ್ತಿರ. ಸಾಗಿಸಲು ಹಗುರ, ಬೇಗ ಒಣಗುತ್ತದೆ ಎಂಬ ಅನುಕೂಲಗಳೂ ಇವೆ.

ಇಲ್ಲಿಯವರೆಗೆ ಎರಡು ವಿಷಯ ಕೇಳಿದಿರಿ. ಗೋಡೆಯ ಚಿತ್ರ ಜನರ ಬಳಿಗೆ ಬರಲಾರದು. ನೀರುಬಣ್ಣದ ನಕಲು ಅದನ್ನು ತಂದುಕೊಟ್ಟಿತು. ಈಗ ಮೂರನೆಯ ವಿಷಯ. ನಕಲು ಸಾಕ್ಷಿಯಾಗುವ ಬಗೆ.

ಇಟಲಿಯ ಪಾದುವಾ ನಗರದಲ್ಲಿ ಎರೆಮಿತಾನಿ ಎಂಬ ಚರ್ಚಿದೆ. ಅಲ್ಲಿ ಮಾಂತೆನ್ಯಾ ಎಂಬ ಮಹಾ ಚಿತ್ರಗಾರ ತನ್ನ ಹರೆಯದಲ್ಲಿ ಸಂತ ಜೇಮ್ಸನ ಕಥೆಯನ್ನು ಬರೆದಿದ್ದ. ಅರಂಡೆಲ್ ಸೊಸೈಟಿ ಅದರ ನಕಲು ತೆಗೆಸಿ ಅಚ್ಚು ಹಾಕಿಸಿತ್ತು. 1944ರ ಮಾರ್ಚಿನಲ್ಲಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ, ಆ ಚರ್ಚಿನ ಮೇಲೆ ಬಾಂಬು ಬಿತ್ತು. ಮಾಂತೆನ್ಯಾನ ಗೋಡೆಗಳು ನುಚ್ಚುನೂರಾದವು. ಸಾವಿರಾರು ಚೂರುಗಳನ್ನು ಆರಿಸಿ ಇಟ್ಟುಕೊಂಡರು. ಚೂರುಗಳಿಗೆ ಜಾಗ ಹುಡುಕುವಾಗ ಹಳೆಯ ಫೋಟೋಗಳು ನೆರವಾದವು. ಬಣ್ಣದಲ್ಲಿ ಆ ಚಿತ್ರ ಇಡಿಯಾಗಿ ಹೇಗಿತ್ತು ಎಂದು ತಿಳಿಯಬೇಕಾದವರಿಗೆ ಬಾಂಬಿಗೆ ಮೊದಲೇ ಆಗಿದ್ದ ಆ ನಕಲುಗಳು ಉಳಿದಿವೆ.

ಇನ್ನೊಂದು ಉದಾಹರಣೆ ನಿಮಗೆಲ್ಲ ಪರಿಚಿತ. ಲಿಯೊನಾರ್ಡೊ ಡಾ ವಿಂಚಿಯ ಕೊನೆಯ ಭೋಜನದ ಚಿತ್ರ. ಮಿಲಾನ್ ನಗರದ ಒಂದು ಮಠದ ಊಟದ ಮನೆಯ ಗೋಡೆಯಲ್ಲಿದೆ. ಲಿಯೊನಾರ್ಡೊ ಅದನ್ನು ಹಸಿ ಗಾರೆಯ ಮೇಲೆ ಬರೆಯಲಿಲ್ಲ. ನಿಧಾನವಾಗಿ ತಿದ್ದಿ ತೀಡಿ ಬರೆಯುವ ಆಸೆಯಿಂದ ಒಣಗೋಡೆಯ ಮೇಲೆ ಬರೆದ. ಅವನಿದ್ದಾಗಲೇ ಬಣ್ಣ ಹೊಪ್ಪಳೆ ಏಳತೊಡಗಿತು. 1652ರಲ್ಲಿ ಆ ಗೋಡೆಯ ನಡುವೆ ಬಾಗಿಲು ಕೊರೆದರು. ಏಸುವಿನ ಪಾದಗಳೇ ಹೋದವು. ಆದರೆ ಸುಮಾರು 1520ರಲ್ಲಿ ಅವನ ಬಳಗದ ಜಾಂಪಿಯೆತ್ರಿನೋ ಎಂಬವನು ಬಟ್ಟೆಯ ಮೇಲೆ ಅದೇ ಅಳತೆಯ ನಕಲು ಬರೆದಿದ್ದ. ಅದರಲ್ಲಿ ಆ ಪಾದಗಳಿವೆ. ಜುದಾಸನ ತೋಳು ತಗುಲಿ ಉರುಳಿದ ಉಪ್ಪಿನ ಬಟ್ಟಲೂ ಇದೆ. 20 ವರ್ಷ ನಡೆದು 1999ರಲ್ಲಿ ಮುಗಿದ ದುರಸ್ತಿಯ ಕೆಲಸದಲ್ಲಿ ತಜ್ಞರು ಆ ನಕಲಿನೊಡನೆ ಹೋಲಿಸಿ ನೋಡಿದರು. ಗೋಡೆ ಮರೆತದ್ದನ್ನು ನಕಲು ನೆನಪಿಟ್ಟುಕೊಂಡಿತ್ತು.

ಕೇಳುಗರೇ, ಇದು ಹೊರದೇಶದ ಮಾತಾಯಿತು. ನಕಲು ಚಿತ್ರವನ್ನು ದೂರಕ್ಕೆ ಒಯ್ಯುತ್ತದೆ, ಕೇಡಿನ ಕಾಲದಲ್ಲಿ ಸಾಕ್ಷಿ ಹೇಳುತ್ತದೆ. ಈ ಎರಡನ್ನೂ ನೆನಪಿನಲ್ಲಿಟ್ಟುಕೊಂಡು ಈಗ ನಮ್ಮ ದೇಶಕ್ಕೆ ಬರೋಣ. ಅಜಂತಾಗೆ.

ಅಜಂತಾದ ಗುಹೆಗಳಲ್ಲಿ ಬುದ್ಧನ ಹಿಂದಿನ ಜನ್ಮಗಳ ಕಥೆಗಳಿವೆ. ಅಲ್ಲಿನ ಚಿತ್ರಗಳು ಹಸಿ ಗಾರೆಯವಲ್ಲ. ಬಂಡೆಗೆ ಹೊಟ್ಟು, ನಾರು ಬೆರೆಸಿದ ಮಣ್ಣು ಮೆತ್ತಿ, ತೆಳುವಾಗಿ ಸುಣ್ಣ ಬಳಿದು, ಒಣಗಿದ ಮೇಲೆ ಅಂಟು ಕಲಸಿದ ಬಣ್ಣದಲ್ಲಿ ಬರೆದವು. 1840ರ ದಶಕದಲ್ಲಿ ಮದ್ರಾಸ್ ಸೈನ್ಯದ ರಾಬರ್ಟ್ ಗಿಲ್ ಎಂಬ ಅಧಿಕಾರಿ ಅವುಗಳ ನಕಲು ಶುರುಮಾಡಿದ. ವರ್ಷಗಟ್ಟಲೆ ದುಡಿದ. ಅವನ ಚಿತ್ರಗಳು ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ಸಿನಲ್ಲಿದ್ದವು. 1866ರ ಬೆಂಕಿಯಲ್ಲಿ ಬಹುಪಾಲು ಸುಟ್ಟುಹೋದವು. ಆಮೇಲೆ ಮುಂಬಯಿ ಕಲಾಶಾಲೆಯ ಜಾನ್ ಗ್ರಿಫಿತ್ಸ್ ತನ್ನ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ 1872ರಿಂದ ಸುಮಾರು 12 ವರ್ಷ ಮತ್ತೆ ಬರೆಸಿದ. 1885ರಲ್ಲಿ ಲಂಡನ್ನಿನಲ್ಲಿ ಮತ್ತೊಂದು ಬೆಂಕಿ. ಮತ್ತೆ ಹಲವು ಹೋದವು.

ಇದರಿಂದ ಕಲಿಯುವ ಪಾಠ ಒಂದಿದೆ. ನಕಲನ್ನೂ ಒಂದೇ ಕಡೆ ಕೂಡಿಡಬಾರದು. ಹಲವು ಊರುಗಳಲ್ಲಿ ಇರಬೇಕು. ಇನ್ನೊಂದು ಪಾಠವೂ ಇದೆ. ಅದು ಕಹಿಯಾದದ್ದು. ಬಣ್ಣ ಎದ್ದು ಕಾಣಲಿ ಎಂದು ಹಿಂದಿನ ನಕಲುಗಾರರು ಗೋಡೆಗೇ ವಾರ್ನಿಷ್ ಬಳಿದಿದ್ದರು. ವಾರ್ನಿಷ್ ಕಾಲಕ್ರಮದಲ್ಲಿ ಹಳದಿಗಟ್ಟಿತು, ಕಪ್ಪಾಯಿತು, ಸೀಳಿತು. ಚಿತ್ರವನ್ನು ಪ್ರೀತಿಸಿದವರ ಕೈಯಿಂದಲೇ ಚಿತ್ರಕ್ಕೆ ಏಟು ಬಿತ್ತು.

ಮೂರನೆಯ ಬಾರಿ ಬಂದವರು ಕ್ರಿಸ್ಟಿಯಾನಾ ಹೆರಿಂಗ್‌ಹ್ಯಾಮ್ ಎಂಬ ಮಹಿಳೆ. ಈಕೆ ಇಟಲಿಯ ಹಳೆಯ ಚಿತ್ರಗಳನ್ನು ನಕಲು ಮಾಡಿ ಕೈ ಪಳಗಿಸಿಕೊಂಡವರು. ಸುಮಾರು 600 ವರ್ಷಗಳ ಹಿಂದೆ ಚೆನ್ನೀನೋ ಚೆನ್ನೀನಿ ಎಂಬ ಇಟಲಿಯ ಚಿತ್ರಗಾರ ಬರೆದ ಕಸುಬಿನ ಪುಸ್ತಕವನ್ನು 1899ರಲ್ಲಿ ಇಂಗ್ಲಿಷಿಗೆ ತಂದವರು. ಗಾರೆ ಹೇಗೆ ಕಲಸಬೇಕು, ಬಣ್ಣ ಹೇಗೆ ಅರೆಯಬೇಕು ಎಂಬುದೆಲ್ಲ ಅದರಲ್ಲಿದೆ. ಆ ವಿದ್ಯೆ ಬಲ್ಲ ಕೈ ಅಜಂತಾಗೆ ಬಂತು. 1909ರಿಂದ 1911ರ ನಡುವಿನ ಚಳಿಗಾಲಗಳಲ್ಲಿ ಅಲ್ಲಿ ಬಿಡಾರ ಹೂಡಿ ಕೆಲಸ ನಡೆಸಿತು.

ಆಕೆಗೆ ನೆರವಾಗಲು ಕಲ್ಕತ್ತೆಯಿಂದ ಅವನೀಂದ್ರನಾಥ ಠಾಕೂರರ ಶಿಷ್ಯರು ಬಂದರು. ನಂದಲಾಲ್ ಬೋಸ್, ಅಸಿತ್ ಕುಮಾರ್ ಹಾಲ್ದಾರ್, ಸಮರೇಂದ್ರನಾಥ ಗುಪ್ತ. ಅವರ ಜೊತೆಗೆ ನಮ್ಮ ಮೈಸೂರಿನ ಕೆ. ವೆಂಕಟಪ್ಪ. ವೆಂಕಟಪ್ಪನವರು 1886ರಲ್ಲಿ ಚಿತ್ರಗಾರ ಮನೆತನದಲ್ಲಿ ಹುಟ್ಟಿದವರು. ಮೈಸೂರು ಅರಮನೆಯ ಆಶ್ರಯದಲ್ಲಿ ಕಲ್ಕತ್ತೆಗೆ ಹೋಗಿ ಕಲಿಯುತ್ತಿದ್ದವರು. ಮುಂದೆ ಉದಕಮಂಡಲದ ಬೆಟ್ಟ, ಮಂಜು, ಬಿಸಿಲುಗಳನ್ನು ನೀರುಬಣ್ಣದಲ್ಲಿ ಹಿಡಿದ ಮಹಾ ಕಲಾವಿದರು. ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಯಲ್ಲಿ ಆ ಚಿತ್ರಗಳನ್ನು ಇಟ್ಟಿದ್ದಾರೆ. ಅಂಥವರು ಹರೆಯದಲ್ಲಿ ಕತ್ತಲ ಗುಹೆಯಲ್ಲಿ ಕುಳಿತು, ಹೆಸರಿಲ್ಲದ ಹಳೆಯ ಚಿತ್ರಗಾರರ ಗೆರೆಯನ್ನು ಗೆರೆಗೆ ಗೆರೆ ಹಿಂಬಾಲಿಸಿದರು. ನಂದಲಾಲರೂ ಹಾಗೆಯೇ. ನಕಲು ಮಾಡಿದ್ದರಿಂದ ಅವರ ಸ್ವಂತಿಕೆ ಕುಂದಲಿಲ್ಲ. ಕೈಗೆ ಬಲ ಬಂತು.

ಆ ತಂಡದ ನಕಲುಗಳು 1911ರಲ್ಲಿ ಲಂಡನ್ನಿನ ಪ್ರದರ್ಶನದಲ್ಲಿ ಜನರ ಕಣ್ಣಿಗೆ ಬಿದ್ದವು. 1915ರಲ್ಲಿ ಇಂಡಿಯಾ ಸೊಸೈಟಿ ಎಂಬ ಸಂಘ ಅವನ್ನು ಪುಸ್ತಕವಾಗಿ ತಂದಿತು. ಅಜಂತಾ ನೋಡದವರೂ ಅಜಂತಾ ನೋಡಿದರು.

ಇಟಲಿಯ ವಿದ್ಯೆ ಅಜಂತಾಗೆ ಬಂತು, ಅಜಂತಾದಲ್ಲಿ ಕನ್ನಡದ ಕೈಯೊಂದು ಸೇರಿತು ಎಂದು ಕೇಳಿದಿರಿ. ಈಗ ಕನ್ನಡ ನಾಡಿನ ಗೋಡೆಗಳ ಕಡೆ ತಿರುಗೋಣ.

ಬಾದಾಮಿಯ ಮೂರನೆಯ ಗುಹೆ ಚಾಲುಕ್ಯರ ಮಂಗಲೇಶ ಕೊರೆಸಿದ್ದು, 578ನೆಯ ಇಸವಿಯದು. ಅದರಲ್ಲಿ ಒಂದು ಕಾಲಕ್ಕೆ ಸಮೃದ್ಧವಾಗಿ ಬಣ್ಣವಿತ್ತು. ಇಂದು ಸೂರಿನ ಕೆಳಗೆ ಮಸುಕಾದ ತುಣುಕುಗಳಷ್ಟೇ ಕಾಣುತ್ತವೆ. ಇನ್ನು ನಮಗೆ ಹತ್ತಿರದ ಶ್ರೀರಂಗಪಟ್ಟಣ. ಅಲ್ಲಿನ ದರಿಯಾ ದೌಲತ್ ಅರಮನೆಯ ಗೋಡೆಯಲ್ಲಿ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಅದಕ್ಕೆ ಮುಂದೆ ಹಲವು ಬಾರಿ ಬಣ್ಣ ಬಿತ್ತು, ದುರಸ್ತಿಯಾಯಿತು. ಅದೇ ಯುದ್ಧದ ಚಿತ್ರ ಕಾಗದದ ಮೇಲೂ ಉಂಟು. ಹತ್ತು ಹಾಳೆ ಜೋಡಿಸಿದ, 30 ಅಡಿಗೂ ಉದ್ದದ ಅಂಥ ಒಂದು ಚಿತ್ರ 2022ರಲ್ಲಿ ಲಂಡನ್ನಿನಲ್ಲಿ ಹರಾಜಾಯಿತು. ಗೋಡೆಯ ಚಿತ್ರ ಕಾಗದಕ್ಕೆ ಇಳಿಯುವುದು ನಮ್ಮ ಸೀಮೆಗೆ ಹೊಸದಲ್ಲ.

ಈಗ ಮನೆಗೆ ಬಂದೆವು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳ.

ಬೆಳಗೊಳಕ್ಕೆ ಹೋಗದವರು ನಮ್ಮಲ್ಲಿ ಕಡಿಮೆ. 600ಕ್ಕೂ ಹೆಚ್ಚು ಮೆಟ್ಟಿಲು ಹತ್ತುತ್ತೇವೆ. ಗೊಮ್ಮಟನಿಗೆ ಕೈ ಮುಗಿಯುತ್ತೇವೆ. ಇಳಿದು ಎಳನೀರು ಕುಡಿದು ಬಸ್ಸು ಹತ್ತುತ್ತೇವೆ. ಕೆಳಗೆ ಊರೊಳಗಿನ ಜೈನಮಠದ ಗೋಡೆಗಳ ಮುಂದೆ ನಿಲ್ಲುವವರು ಎಷ್ಟು ಜನ? ಬೆಟ್ಟದ ಮೇಲೆ ತಮ್ಮ ಬಾಹುಬಲಿ ನಿಂತಿದ್ದಾನೆ. ಕೆಳಗೆ ಮಠದ ಗೋಡೆಯಲ್ಲಿ ಅಣ್ಣ ಭರತನ ಬಾಳಿನ ಚಿತ್ರಗಳಿವೆ. ಪಾರ್ಶ್ವನಾಥರ ಬಾಳು ಇದೆ. ನಾಗಕುಮಾರನ ಕಥೆ ಇದೆ. ನೇಮಿನಾಥರು, ಪಂಚಪರಮೇಷ್ಠಿಗಳು ಇದ್ದಾರೆ. ಮುಮ್ಮಡಿ ಕೃಷ್ಣರಾಜ ಒಡೆಯರ ದಸರಾ ದರ್ಬಾರೂ ಅಲ್ಲೇ ಇದೆ. ಧರ್ಮದ ಕಥೆ, ನಾಡಿನ ಕಥೆ ಎರಡೂ ಒಂದೇ ಸೂರಿನ ಕೆಳಗೆ.

ಅವುಗಳಲ್ಲಿ ಒಂದು ಚಿತ್ರದ ಬಳಿ ಸ್ವಲ್ಪ ನಿಲ್ಲೋಣ. ಕಾಡು. ಅದರಲ್ಲಿ ಹಣ್ಣಿನ ಮರ. ಮರದ ಬಳಿ ಆರು ಜನ. ಆರು ಜನಕ್ಕೂ ಹಸಿವು. ಒಬ್ಬನಿಗೆ ಮರವನ್ನು ಬುಡಸಹಿತ ಕಡಿಯುವ ಆಸೆ. ಇನ್ನೊಬ್ಬನಿಗೆ ದೊಡ್ಡ ಕೊಂಬೆ ಕಡಿದರೆ ಸಾಕು. ಮತ್ತೊಬ್ಬನಿಗೆ ಸಣ್ಣ ರೆಂಬೆ. ನಾಲ್ಕನೆಯವನು ಗೊಂಚಲಿಗೆ ಕೈ ಹಾಕುತ್ತಾನೆ. ಐದನೆಯವನು ಮಾಗಿದ ಹಣ್ಣನ್ನಷ್ಟೇ ಕೀಳುತ್ತಾನೆ. ಆರನೆಯವನು ನೆಲಕ್ಕೆ ಉದುರಿದ್ದನ್ನು ಆರಿಸಿ ತಿನ್ನುತ್ತಾನೆ. ಇದು ಜೈನರ ಷಡ್‌ಲೇಶ್ಯೆಯ ತತ್ತ್ವ. ಮನಸ್ಸಿನ ಪಾಕಕ್ಕೆ ತಕ್ಕಂತೆ ಜೀವಕ್ಕೆ ಬಣ್ಣ. ಕಪ್ಪು, ನೀಲಿ, ಪಾರಿವಾಳದ ಬೂದಿಯಿಂದ ಹಿಡಿದು ಅಚ್ಚ ಬಿಳಿಯವರೆಗೆ. ಇಡೀ ಶಾಸ್ತ್ರವನ್ನು ಒಂದು ಮರ, ಆರು ಮನುಷ್ಯರಲ್ಲಿ ಹೇಳಿದ ಚಿತ್ರ. ಓದು ಬಾರದವರಿಗೂ ತಿಳಿಯುತ್ತದೆ. ಮಕ್ಕಳಿಗೂ ತಿಳಿಯುತ್ತದೆ. ಕಾಡು ಕಡಿಯುವ ಈ ಕಾಲದಲ್ಲಿ ಪ್ರತಿ ಶಾಲೆಯ ಗೋಡೆಯಲ್ಲಿ ಇರಬೇಕಾದ ಚಿತ್ರ ಅದು.

ಬೆಳಗೊಳಕ್ಕೆ ನಕಲಿನ ದೊಡ್ಡ ಪರಂಪರೆಯೇ ಇದೆ. ಶಾಸನಗಳ ನಕಲು. ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಕುಂಚದಿಂದ ಬಡಿದು, ಅಕ್ಷರದ ಗುಳಿಗೆ ಕಾಗದ ಇಳಿದ ಮೇಲೆ ಮಸಿ ಒತ್ತಿ ಪಡಿಯಚ್ಚು ತೆಗೆಯುತ್ತಾರೆ. ಕಪ್ಪಿನ ನಡುವೆ ಅಕ್ಷರ ಬೆಳ್ಳಗೆ ಏಳುತ್ತದೆ. 1889ರಲ್ಲಿ ಬಿ.ಎಲ್. ರೈಸ್ ಇಲ್ಲಿನ 140ಕ್ಕೂ ಹೆಚ್ಚು ಶಾಸನಗಳನ್ನು ಪ್ರಕಟಿಸಿದರು. 1923ರಲ್ಲಿ ಆರ್. ನರಸಿಂಹಾಚಾರ್ಯರು ಅದನ್ನು 500ಕ್ಕೆ ಏರಿಸಿದರು. ಬೆಟ್ಟದ ಬಂಡೆಯ ಮೇಲಿದ್ದ ಅಕ್ಷರ ಪ್ರಪಂಚದ ಗ್ರಂಥಾಲಯಗಳಿಗೆ ಹೋಯಿತು. ಅಕ್ಷರಕ್ಕೆ ಮಾಡಿದ ಈ ಸೇವೆಯನ್ನು ಬಣ್ಣಕ್ಕೂ ಮಾಡಬೇಕು ಎಂಬುದು ನನ್ನ ಬಿನ್ನಹ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಫೋಟೋ ತೆಗೆದರೆ ಆಗದೇ? ಫೋಟೋ ಬೇಕು. ಚೆನ್ನಾಗಿ ತೆಗೆದು ಜೋಪಾನ ಮಾಡಬೇಕು. ಆದರೆ ಫೋಟೋ ಕ್ಷಣದಲ್ಲಿ ಮುಗಿಯುತ್ತದೆ. ನಕಲು ಮಾಡುವವರು ಒಂದೇ ಗೋಡೆಯ ಮುಂದೆ ದಿನಗಟ್ಟಲೆ ಕೂರುತ್ತಾರೆ. ಯಾವ ಗೆರೆ ಮೊದಲು ಬಿತ್ತು, ಯಾವ ಬಣ್ಣ ಆಮೇಲೆ ಬಂತು, ಎಲ್ಲಿ ಹಳೆಯ ಕೈ, ಎಲ್ಲಿ ತೇಪೆ, ಇದೆಲ್ಲ ಅವರ ಕಣ್ಣಿಗೆ ಬೀಳುತ್ತದೆ. ಅಷ್ಟು ಹೊತ್ತು ನೋಡಿದವರು ಆ ಗೋಡೆಯನ್ನು ಮುಂದೆ ಯಾರೂ ಗೀಚಲು ಬಿಡುವುದಿಲ್ಲ. ಫೋಟೋ ಚಿತ್ರವನ್ನು ಉಳಿಸುತ್ತದೆ. ನಕಲು ಚಿತ್ರವನ್ನೂ ಉಳಿಸುತ್ತದೆ, ಚಿತ್ರವನ್ನು ಬಲ್ಲ ಮನುಷ್ಯರನ್ನೂ ಬೆಳೆಸುತ್ತದೆ.

ಹಾಗಾದರೆ ಹೇಗೆ ಮಾಡಬೇಕು? ಇಷ್ಟು ಹೊತ್ತು ಕೇಳಿದ್ದರಿಂದಲೇ ನಿಯಮಗಳು ಹೊರಡುತ್ತವೆ. ಮಠದವರ ಅನುಮತಿ ಪಡೆಯಬೇಕು. ಗೋಡೆಯನ್ನು ಮುಟ್ಟಬಾರದು. ಒದ್ದೆ ಬಟ್ಟೆ ಬೇಡ, ಎಣ್ಣೆ ಬೇಡ, ವಾರ್ನಿಷ್ ಬೇಡ, ಗೋಡೆಗೆ ಕಾಗದ ಒತ್ತಿ ಗೆರೆ ಎಳೆಯುವುದೂ ಬೇಡ. ಅಜಂತಾದ ಪಾಠ ಒಂದೇ ಸಾಕು. ಬಣ್ಣ ಉದುರಿದ ಜಾಗವನ್ನು ಉದುರಿದಂತೆಯೇ ಬಿಡಬೇಕು, ಊಹಿಸಿ ತುಂಬಬಾರದು. ತುಂಬಿದರೆ ನಕಲು ಸುಳ್ಳುಸಾಕ್ಷಿಯಾಗುತ್ತದೆ. ಹಾಳೆಯ ಮೂಲೆಯಲ್ಲಿ ತಾರೀಖು, ಅಳತೆ, ಬರೆದವರ ಹೆಸರು ಇರಬೇಕು. ಒಂದಕ್ಕಿಂತ ಹೆಚ್ಚು ಪ್ರತಿ ಮಾಡಿ ಬೇರೆ ಬೇರೆ ಊರಲ್ಲಿ ಇಡಬೇಕು. ಲಂಡನ್ನಿನ ಬೆಂಕಿಗಳು ಕಲಿಸಿದ್ದು ಅದನ್ನೇ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ನಮ್ಮ ಈ ನಾಲ್ಕೂ ತಾಲ್ಲೂಕುಗಳ ಶಾಲೆಗಳಲ್ಲಿ ಡ್ರಾಯಿಂಗ್ ಮೇಷ್ಟ್ರುಗಳಿದ್ದಾರೆ. ಅವರಿಗೆ ನನ್ನ ಕೋರಿಕೆ. ಬೆಳಗೊಳದ ಪ್ರವಾಸಕ್ಕೆ ಹೋಗುವಾಗ ಮಕ್ಕಳ ಚೀಲದಲ್ಲಿ ತಿಂಡಿಯ ಜೊತೆಗೆ ಹಾಳೆ, ಪೆನ್ಸಿಲ್ಲು ಇರಲಿ. ಬೆಟ್ಟ ಇಳಿದ ಮೇಲೆ ಮಠದ ಗೋಡೆಯ ಮುಂದೆ ಒಂದು ಗಂಟೆ ಕೂರಿಸಿ. ಕೈ ಪಳಗಿದ ನಾಲ್ಕಾರು ಮಕ್ಕಳನ್ನು ಆರಿಸಿ ಮತ್ತೆ ಮತ್ತೆ ಕರೆದುಕೊಂಡು ಹೋಗಿ, ಬಣ್ಣದಲ್ಲಿ ಬರೆಸಿ. ಅವರು ಬರೆದ ಹಾಳೆಗಳನ್ನು ಹೊಳೆನರಸೀಪುರದ ಗ್ರಂಥಾಲಯದಲ್ಲಿ, ಅರಕಲಗೂಡಿನ ಶಾಲೆಯ ಹಜಾರದಲ್ಲಿ, ಚನ್ನರಾಯಪಟ್ಟಣದ ಸಂತೆಯ ದಿನ, ಹಾಸನದ ಹಾಸನಾಂಬ ಜಾತ್ರೆಯ ಕಾಲದಲ್ಲಿ ತೂಗುಹಾಕಿ. ಪಕ್ಕದಲ್ಲಿ ಒಬ್ಬರು ನಿಂತು ಕಥೆ ಹೇಳಲಿ.

ಕೇಳುಗರೇ, ಕೊನೆಯದಾಗಿ ಇಷ್ಟು. ಪಾನಿಕಾಲೆಯ ಸಂತನನ್ನು ಊರಾಚೆಗೆ ತಂದದ್ದು ಒಂದು ಸಂಘದ ಚಂದಾ ಹಣ ಮತ್ತು ತಾಳ್ಮೆಯ ಕೈಗಳು. ಅಜಂತಾದ ಬೋಧಿಸತ್ತ್ವನನ್ನು ಹೊರತಂದವರಲ್ಲಿ ನಮ್ಮ ವೆಂಕಟಪ್ಪನವರೂ ಇದ್ದರು. ಅಂಥ ಕೈಗಳು ನಮ್ಮ ಜಿಲ್ಲೆಯಲ್ಲಿ ಇಲ್ಲವೆಂದು ನಾನು ನಂಬುವುದಿಲ್ಲ. ಚಿತ್ರ ಇರುವಾಗಲೇ ನಕಲಾಗಬೇಕು. ಹೋದ ಮೇಲೆ ಎಂಥ ಕಲಾವಿದನೂ ಅದನ್ನು ತಂದುಕೊಡಲಾರ. ಬರುವ ಪ್ರವಾಸದ ಕಾಲಕ್ಕೇ ಈ ಕೆಲಸ ಶುರುವಾಗಲಿ. ನಿಮ್ಮ ಊರಿನ ಮೇಷ್ಟ್ರಿಗೆ, ಮಕ್ಕಳಿಗೆ ಈ ಮಾತು ತಲುಪಿಸಿ ಎಂದು ಬೇಡಿಕೊಳ್ಳುತ್ತೇನೆ.